ಹಿಂದಿನ ಕೋಣೆ ಮೊದಲು

ನಾರಾಯಣಗೂಡದ ನಮ್ಮ ಮನೆಯ ಹಾಲಿನ ಗೋಡೆಗಳಿಂದ ಸಿಮೆಂಟು ಕೆಡವಿದ ದಿನ ನಾನು ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತು ನೋಡಿದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಮೇಸ್ತ್ರಿ ಮರೆಪ್ಪ ಎರಡು ಸಲ ಹೇಳಿದ, ಕಟ್ಟಿಕೊಳ್ಳಲಿಲ್ಲ. ಅರವತ್ತು ವರ್ಷ ಕಾದು ನೋಡುವ ತಮಾಷೆಗೆ ಯಾರಾದರೂ ಮೂಗು ಮುಚ್ಚಿಕೊಳ್ಳುತ್ತಾರೆಯೆ? ಸುತ್ತಿಗೆಯ ಒಂದೊಂದು ಪೆಟ್ಟಿಗೆ ರೊಟ್ಟಿಯಗಲದ ಚಕ್ಕೆಗಳು ಕಳಚಿ ಬೀಳುತ್ತಿದ್ದವು. ಪಿಸ್ತಾ ಬಣ್ಣದ ಪೇಂಟು, ಅದರ ಕೆಳಗೆ ಕೆನೆ ಬಣ್ಣ, ಅದರ ಕೆಳಗೆ ನಾನು ಚಿಕ್ಕವಳಿದ್ದಾಗಿನ ತಿಳಿನೀಲಿ, ಕೊನೆಗೆ ಬೂದು ಸಿಮೆಂಟು. ಅದೂ ಬಿದ್ದ ಮೇಲೆ ಇಟ್ಟಿಗೆ ಕಾಣಿಸಿತು. ಮರೆಪ್ಪ ಉಗುರಿನಿಂದ ಒಂದು ಇಟ್ಟಿಗೆ ಕೆರೆದ. ಅದು ಬಿಸ್ಕೀಟಿನ ಪುಡಿಯ ಹಾಗೆ ಅವನ ಅಂಗೈಗೆ ಉದುರಿತು.

"ಇದನ್ನ ಯಾರ ಮಾಡಿಸಿದ್ರಿ, ಅಮ್ಮಾರ? ಇಟ್ಟಂಗಿಗೆ ಉಸರಾಡಾಕ ಜಾಗಾನ ಬಿಟ್ಟಿಲ್ಲ ನೋಡ್ರಿ. ನೀರು ಒಳಗ ಕುಂತು ಎಲ್ಲಾ ತಿಂದ ಹಾಕೇತಿ."

"ಮಾಡಿಸಿದವರು ಅಲ್ಲೇ ಅದಾರಲ್ಲ, ಅವರನ್ನ ಕೇಳು," ಎಂದೆ.

ದೊಡ್ಡವ್ವನ ಮಂಚವನ್ನು ಅಂದಿನ ಮಟ್ಟಿಗೆ ವರಾಂಡಕ್ಕೆ ಸರಿಸಿದ್ದೆವು. ನಮ್ಮ ದೊಡ್ಡಪ್ಪನ ಹೆಂಡತಿ ಆಕೆ. ತೊಂಬತ್ತು ದಾಟಿದ್ದಾಳೆ. ಬೇಡದ ಮಾತಿಗೆ ಮಾತ್ರ ಕಿವುಡು.

"ಆಗಿನ ಸಿಮೆಂಟ ಭಾರಿ ಮಾಲು," ಎಂದಳು ಅಲ್ಲಿಂದಲೇ. "ಇಡೀ ಗಲ್ಲಿಯೊಳಗ ಮೊದಲ ನಮ್ಮ ಮನಿಗೇ ಹಾಕಿಸಿದ್ದು."

ಮರೆಪ್ಪ ಯಾದಗಿರಿ ಕಡೆಯವನು. ಹಳೇ ಶಹರದ ದೇವಡಿಗಳಲ್ಲಿ, ಎಂದರೆ ನವಾಬರ ಕಾಲದ ಮಹಲುಗಳಲ್ಲಿ, ಅಪ್ಪನ ಜೊತೆ ಸುಣ್ಣದ ಕೆಲಸ ಕಲಿತವನು. ಅವನು ಮನೆಯೆಲ್ಲ ಸುತ್ತಿ, ಕೊನೆಗೆ ಹಿತ್ತಲ ಕಡೆಯ ಕೋಣೆಗೆ ಹೋದ. ಆ ಕೋಣೆಯಲ್ಲಿ ಕೆಡವುವುದಕ್ಕೆ ಏನೂ ಇರಲಿಲ್ಲ. ಅಲ್ಲಿಯ ನಾಲ್ಕು ಗೋಡೆಗಳೂ ನನಗೆ ಎಂಟು ವರ್ಷವಾದಾಗಿನಿಂದ ಬರೀ ಇಟ್ಟಿಗೆ. ಕರಣಿಯ ಹಿಡಿಯಿಂದ ಅಲ್ಲಲ್ಲಿ ಬಡಿದು ನೋಡಿದ. ತಾಮ್ರದ ಕೊಡಕ್ಕೆ ಬಡಿದ ಹಾಗೆ ಸದ್ದು ಬಂತು.

"ಅಬ್ಬಾ! ಇದು ಗಟ್ಟಿ ಐತ್ರಿ. ಇದಕ್ಕ ಸಿಮೆಂಟ ತಗಲಿಲ್ಲ, ಅದಕ್ಕ ಉಳದೈತಿ."

ಆ ಸದ್ದನ್ನು ಇನ್ನೊಮ್ಮೆ ಕೇಳಬೇಕೆನಿಸಿತು. ಮತ್ತೆ ಬಡಿ ಎಂದೆ. ನಮ್ಮವ್ವ ಹೇಳಿದ್ದು ನಿಜವಾಗಿತ್ತು ಎಂದು ಹೇಳುವುದಕ್ಕೆ ಈ ಭೂಮಿಯ ಮೇಲೆ ಅದೊಂದೇ ಸಾಕ್ಷಿ ಉಳಿದಿದ್ದದ್ದು.

ನಾವು ಆ ಮನೆಯಲ್ಲಿ ಎರಡು ಸಂಸಾರ. ದೊಡ್ಡಪ್ಪ ಸಿಕಂದರಾಬಾದಿನಲ್ಲಿ ರೈಲ್ವೆ ಆಫೀಸಿಗೆ ಹೋಗುತ್ತಿದ್ದರು, ಅಪ್ಪ ಪಟಾನ್‌ಚೆರು ರಸ್ತೆಯ ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುತ್ತಿದ್ದ. ಅಡುಗೆ ಒಂದೇ, ಆದರೆ ಉಗ್ರಾಣದ ಕೀಲಿ ದೊಡ್ಡವ್ವನ ಸೊಂಟದಲ್ಲಿ. ಮುಂದಿನ ಹಾಲು, ದೇವರ ಕೋಣೆ, ಮೇಲಿನ ಎರಡು ರೂಮು ಅವರವು. ಹಿತ್ತಲ ಕೋಣೆ ನಮ್ಮದು. ನಮ್ಮವ್ವ ಗೌರವ್ವ ಬೀದರದವಳು. ಅವಳ ಅಪ್ಪ ಗಾರೆ ಮೇಸ್ತ್ರಿ, ಸುಣ್ಣ ಅರಳಿಸಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸಿ ಗೋಡೆಯನ್ನು ಕನ್ನಡಿಯ ಹಾಗೆ ಮಾಡುತ್ತಿದ್ದ ಮನುಷ್ಯ. ಅವ್ವನಿಗೆ ಸುಣ್ಣದ ಹದ ನಾಲಿಗೆಯ ತುದಿಯಲ್ಲಿ ಗೊತ್ತಾಗುತ್ತಿತ್ತು. ಗುಮಾಸ್ತರ ಮನೆಗೆ ಗಾರೆಯವನ ಮಗಳು ಸೊಸೆಯಾಗಿ ಬಂದದ್ದು ಹೇಗೆ ಎಂಬುದು ಬೇರೆ ಕಥೆ. ದೊಡ್ಡವ್ವ ಅದನ್ನು ದಿನಕ್ಕೊಮ್ಮೆಯಾದರೂ ನೆನಪಿಸದೆ ಬಿಡುತ್ತಿರಲಿಲ್ಲ ಎಂದಷ್ಟೇ ಇಲ್ಲಿ ಹೇಳಿದರೆ ಸಾಕು. ಸಾರಿಗೆ ಉಪ್ಪು ಹೆಚ್ಚಾದರೆ, "ಗಾರಿ ಕಲಸಿದಂಗ ಕಲಸಬ್ಯಾಡ ಗೌರೀ" ಎನ್ನುತ್ತಿದ್ದಳು. ಮಂದಿ ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು.

ಒಂದು ಮಳೆಗಾಲದಲ್ಲಿ ಮನೆಯ ಹಳೇ ಗಾರೆ ಉಬ್ಬಿಕೊಂಡು ಅಲ್ಲಲ್ಲಿ ಬೀಳತೊಡಗಿತು. ಬೇಸಿಗೆ ಬಂದಾಗ ದೊಡ್ಡಪ್ಪ ಇಡೀ ಮನೆಯದನ್ನು ಕೆಡವಿಸಿದರು. ಇಟ್ಟಿಗೆಗಳೆಲ್ಲ ಬೆತ್ತಲೆ ನಿಂತವು. ಕಂಟ್ರಾಕ್ಟರು ಬಂದು ಹಾಲಿನಲ್ಲಿ ಕೂತು ಹೊಸ ಸಿಮೆಂಟಿನ ಗುಣಗಾನ ಮಾಡುತ್ತಿದ್ದಾಗ ಅವ್ವ ಚಹಾ ತಂದಿಟ್ಟಳು. ಇಟ್ಟು ಸುಮ್ಮನೆ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ.

"ಈ ಇಟ್ಟಂಗಿ ಸುಣ್ಣದಾಗ ಕಟ್ಟಿದ್ದಾವ್ರಿ, ಭಾವಾರ. ಮ್ಯಾಲ ಸಿಮೆಂಟ ಮೆತ್ತಿದ್ರ ಗ್ವಾಡಿ ಒಳಗ ಬೆವರಿ ಬೆವರಿ ಸಾಯ್ತಾವ. ಸುಣ್ಣಾನ ಹಾಕಸ್ರಿ."

ಕಂಟ್ರಾಕ್ಟರು ಕಪ್ಪು ಕೆಳಗಿಟ್ಟು ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಕಿಟಕಿ ನೋಡಿದರು. ಅವನು ಹೋದ ಮೇಲೆ ದೊಡ್ಡವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೆ ಈಗಲೂ ಒಂದಕ್ಷರ ತಪ್ಪದೆ ಬರುತ್ತದೆ. ಕಾನ್ವೆಂಟಿನಲ್ಲಿ ಕಲಿಸಿದ ಪ್ರೇಯರುಗಳೆಲ್ಲ ಮರೆತಿವೆ, ಇದು ಮರೆತಿಲ್ಲ.

"ಪರ ಮನಷ್ಯಾನ ಮುಂದ ನಮ್ಮ ಯಜಮಾನ್ರ ಮಾತ ಕಡದಿ. ನಿನ್ನ ಕ್ವಾಣಿಗೆ ಒಂದ ಬೊಗಸಿ ಸಿಮೆಂಟ ಬೀಳಂಗಿಲ್ಲ. ಅಷ್ಟ ಗೊತ್ತಿದ್ರ ನಿಮ್ಮಪ್ಪ ಬಂದು ಗಾರಿ ಮೆತ್ತಲಿ."

ಅವ್ವನ ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಎಲ್ಲ ಕೇಳಿ, "ಮುಂದಿನ ವರ್ಷ ನೋಡೂಣು ಬಿಡು" ಎಂದ. ನಮ್ಮಪ್ಪನ ಮುಂದಿನ ವರ್ಷಗಳು ಬಹಳ ಇದ್ದವು. ಹಾಲಿಗೆ ಸಿಮೆಂಟು ಬಂತು, ತಿಳಿನೀಲಿ ಡಿಸ್ಟೆಂಪರ್ ಬಂತು, ಅಡುಗೆಮನೆ ಆಯಿತು, ಮೇಲಿನ ರೂಮುಗಳಾದವು. ಕೆಲಸದವರು ನಮ್ಮ ಕೋಣೆಯ ಹೊಸಿಲಿಗೆ ಬಂದು ಕರಣಿ ತೊಳೆದುಕೊಂಡು ಹೋದರು. ಸಿಮೆಂಟು ಸರಿಯಾಗಿ ಬಾಗಿಲ ಚೌಕಟ್ಟಿಗೆ ನಿಂತಿತ್ತು. ಗಡಿ ಎಂದರೇನು ಎಂದು ಜಿಯಾಗ್ರಫಿ ಟೀಚರ್ ಹೇಳಿಕೊಡುವ ಮೊದಲೇ ನನಗೆ ತಿಳಿದಿತ್ತು.

ಬರೀ ಇಟ್ಟಿಗೆಯ ಕೋಣೆಯಲ್ಲಿ ಎಂಟು ವರ್ಷ ಬದುಕುವುದು ಎಂದರೆ ಈಗಿನವರಿಗೆ ಅರ್ಥವಾಗುವುದಿಲ್ಲ. ಧೂಳು. ಕೆಂಪು ಧೂಳು ಹಾಸಿಗೆಯ ಮೇಲೆ, ಪುಸ್ತಕದ ಮೇಲೆ, ಕುಡಿಯುವ ನೀರಿನ ತಂಬಿಗೆಯ ಮೇಲೆ. ಇಟ್ಟಿಗೆಯ ಸಂದುಗಳಲ್ಲಿ ಕೆಂಜಿಗ. ಒಮ್ಮೆ ನನ್ನ ತಲೆದಿಂಬಿನ ಪಕ್ಕದ ಸಂದಿನಿಂದ ಚೇಳು ಬಂತು. ಅವ್ವ ಅದನ್ನು ಲಟ್ಟಣಿಗೆಯಿಂದ ಜಜ್ಜಿ, ಲಟ್ಟಣಿಗೆ ತೊಳೆದು, ಅದೇ ಕೈಯಲ್ಲಿ ಚಪಾತಿ ಲಟ್ಟಿಸಲು ಹೋದಳು. ಶಾಲೆಯಲ್ಲಿ ನಮ್ಮದು ಬಿಳಿ ಯೂನಿಫಾರ್ಮು. ಮೊದಲ ವಾರವೇ ಬ್ಲೌಸಿನ ಬೆನ್ನ ಮೇಲೆ ಕೆಂಪು ಪಟ್ಟಿ ನೋಡಿ ಹುಡುಗಿಯರು ನನಗೆ "ಪೋಸ್ಟ್ ಬಾಕ್ಸ್" ಎಂದು ಹೆಸರಿಟ್ಟರು. ಅಂದಿನಿಂದ ನಾನು ಗೋಡೆಗೆ ಒರಗುವುದನ್ನೇ ಬಿಟ್ಟೆ. ಓದುವಾಗ, ಉಣ್ಣುವಾಗ, ಜ್ವರ ಬಂದಾಗಲೂ ನೆಟ್ಟಗೆ ಕೂತೆ. ಎರಡು ವರ್ಷದ ಮೇಲೆ ಸಿಸ್ಟರ್ ಇಡೀ ಕ್ಲಾಸಿನ ಮುಂದೆ ನನ್ನನ್ನು ನಿಲ್ಲಿಸಿ, ಇದು ಡಿಪೋರ್ಟ್‌ಮೆಂಟ್, ಲೇಡಿ ಹೀಗೆ ಕೂರಬೇಕು ಎಂದು ಹೊಗಳಿ ಬ್ಯಾಡ್ಜು ಚುಚ್ಚಿದರು. ನಾನು ಥ್ಯಾಂಕ್ಯೂ ಸಿಸ್ಟರ್ ಎಂದೆ. ನನ್ನ ಗಂಡ ಕೂಡ ಹೆಣ್ಣು ನೋಡಲು ಬಂದಾಗ ನನ್ನ ಕೂರುವ ಠೀವಿಗೇ ಮರುಳಾದನಂತೆ. ಅದು ಠೀವಿಯಲ್ಲ, ಮೈಯಲ್ಲಿ ಉಳಿದ ದ್ವೇಷ ಎಂದು ಅವನಿಗೆ ಕೊನೆಯವರೆಗೂ ಹೇಳಲಿಲ್ಲ, ಪಾಪ.

ಒಂದು ಮಾತನ್ನು ಮುಚ್ಚಿಡಬಾರದು. ಮೂರನೇ ವರ್ಷ ದೊಡ್ಡಪ್ಪ ಹೆಂಡತಿಗೆ ಗೊತ್ತಾಗದ ಹಾಗೆ ಎರಡು ಚೀಲ ಸಿಮೆಂಟು ತರಿಸಿ ನಮ್ಮ ಬಾಗಿಲಿಗೆ ಇಡಿಸಿದರು. ನಾನು ಕುಣಿದೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದನ್ನೇ ಎಳೆದುಕೊಂಡು ಹೋಗಿ ಹಾಲಿನ ಬಾಗಿಲಲ್ಲಿಟ್ಟು ಬಂದಳು.

"ಕೆಡವಿದವರು ಕೇಳದಽ ಮಾಡಿಸಿ ಕೊಡಬೇಕು. ನಾ ಕೇಳಂಗಿಲ್ಲ. ಮತ್ತ ಸುಣ್ಣ ಬಿಟ್ಟು ಬ್ಯಾರೇದು ನನ್ನ ಗ್ವಾಡಿಗೆ ಬ್ಯಾಡ."

"ನಿನಗೇನು, ನೀ ಸಾಲಿಗೆ ಹೋಗ್ತೀಯೇನು? ನನಗ ಎಲ್ಲಾರೂ ನಗ್ತಾರ," ಎಂದು ಕಿರುಚಿದೆ.

"ನಗಲಿ. ಹಲ್ಲ ಕಾಣ್ತಾವ," ಎಂದಳು ಅವ್ವ.

ಎರಡು ತಿಂಗಳು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಹೀಗಾಗಿ ಆ ಎಂಟು ವರ್ಷದಲ್ಲಿ ಮೂರು ದೊಡ್ಡವ್ವನವು, ಐದು ಅವ್ವನವು ಎಂದು ಯಾರಾದರೂ ವಾದಿಸಬಹುದು. ವಾದಿಸಲಿ. ನಾನು ಇಡೀ ಎಂಟನ್ನೂ ದೊಡ್ಡವ್ವನ ತಲೆಗೇ ಕಟ್ಟುತ್ತೇನೆ. ಅದಕ್ಕೆ ಕಾರಣ ನಾನು ದೊಡ್ಡವಳಾದಾಗ ನಡೆದದ್ದು.

ನಮ್ಮ ಕಡೆ ಹುಡುಗಿ ಮೈನೆರೆದರೆ ಐದನೇ ದಿನ ಆರತಿ. ಕುರ್ಚಿಯ ಮೇಲೆ ಕೂರಿಸಿ, ಹೂ ಮುಡಿಸಿ, ಉಡಿ ತುಂಬಿ, ಗಲ್ಲಿಯ ಹೆಂಗಸರೆಲ್ಲ ಹಾಡುತ್ತಾರೆ. ಕಾನ್ವೆಂಟಿನಲ್ಲಿ ಓದುವ ನನಗೆ ಅದೊಂದು ಭಯಂಕರ ಎಂಬ್ಯಾರೆಸ್‌ಮೆಂಟು. ಅವ್ವನಿಗೆ ಮಾತ್ರ ಹಬ್ಬ. ದೊಡ್ಡವ್ವನ ತಂಗಿಯ ಮಗಳದ್ದನ್ನು ಹಾಲಿನಲ್ಲಿ ಮಾಡಿದ್ದರು, ನನ್ನದೂ ಅಲ್ಲೇ ಎಂದು ಅವ್ವ ಕುರ್ಚಿ ಒರೆಸಿಟ್ಟಿದ್ದಳು. ಬೆಳಿಗ್ಗೆ ದೊಡ್ಡವ್ವ ಬಂದು, "ಈಗಷ್ಟ ಪೇಂಟ ಆಗೇತಿ, ಅರಿಷಿಣ ಕುಂಕುಮ ಸಿಡದ್ರ ಕಲಿ ಬೀಳ್ತಾವ. ನಿಮ್ಮ ಕ್ವಾಣ್ಯಾಗ ಮಾಡ್ಕೋರಿ" ಎಂದು ಕುರ್ಚಿಯನ್ನು ತಾನೇ ಎತ್ತಿ ಹಿಂದಕ್ಕೆ ಕಳಿಸಿದಳು. ಅವ್ವ ಕುರ್ಚಿಯ ಹಿಂದೆಯೇ ಕೋಣೆಗೆ ಬಂದಳು. ಪೆಟ್ಟಿಗೆಯಿಂದ ಅಜ್ಜಿಯ ಕೌದಿ ತೆಗೆದಳು. ಅಜ್ಜಿ ಹಾಸಿಗೆ ಹಿಡಿದಾಗ ಎರಡು ವರ್ಷ ಸೇವೆ ಮಾಡಿದ ಸೊಸೆಗೆ ಎಂದು ಅಜ್ಜಿಯೇ ಕೊಟ್ಟ ಕೌದಿ, ಐವತ್ತು ಹಳೇ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು. ಅದನ್ನು ಎರಡು ಮೊಳೆಗೆ ಸಿಕ್ಕಿಸಿ ನನ್ನ ಹಿಂದಿನ ಗೋಡೆ ಮುಚ್ಚಿದಳು. ಕೋಣೆಗೆ ಒಮ್ಮೆಲೇ ಕಳೆ ಬಂತು. ನಾನು ಕೂಡ ನಕ್ಕೆ ಎಂದು ನೆನಪು.

ಹೆಂಗಸರು ತುಂಬಿದರು. ಇಳಕಲ್ ಸೀರೆ, ಪೈಠಣಿ ಸೀರೆ. ಮೊದಲ ಆರತಿ ಎತ್ತುವಾಗ ದೊಡ್ಡವ್ವ ಒಳಗೆ ಬಂದಳು. ಎಲ್ಲರನ್ನೂ ದಾಟಿಕೊಂಡು ನನ್ನ ಹಿಂದಕ್ಕೆ ಬಂದು ಕೌದಿಯ ಅಂಚು ಹಿಡಿದಳು.

"ಅತ್ತಿಯಾರ ಕೌದಿ ಗ್ವಾಡಿಗೆ ಹೊದಸ್ತಾರೇನ? ಸತ್ತವರ ಹೊದಿಕಿಗೆ ಒಂದ ಮರ್ಯಾದಿ ಬ್ಯಾಡಾ?"

ಎಳೆದಳು. ಮೊಳೆಗಳೂ ಕಿತ್ತು ಬಂದವು. ಜೊತೆಗೆ ಇಟ್ಟಿಗೆಯ ಪುಡಿ ನನ್ನ ತಲೆಯ ಮೇಲೆ, ಹೂವಿನ ಮೇಲೆ, ಉಡಿಯಲ್ಲಿದ್ದ ಅಕ್ಕಿಯ ಮೇಲೆ ಸುರಿಯಿತು. ಯಾರೋ ಕಿಸಕ್ಕೆಂದರು. ಗೋಡೆಗೆ ಒರಗಿದ್ದ ಒಬ್ಬಾಕೆ ತನ್ನ ಪೈಠಣಿಯ ಸೆರಗು ನೋಡಿಕೊಂಡು "ಅಯ್ಯಯ್ಯ!" ಎಂದು ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದು ಬೆನ್ನು ಜಾಡಿಸಿಕೊಳ್ಳತೊಡಗಿದರು. ಹಾಡು ನಿಂತಿತು. ಅವ್ವ ಕೈಯಲ್ಲಿ ಆರತಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಬತ್ತಿ ಉರಿದು ಉರಿದು ತಟ್ಟೆಯ ಕುಂಕುಮನೀರಿಗೆ ಬಿದ್ದು ಚುಂಯ್ ಎಂದಿತು. ಅವಳು ಅತ್ತಿದ್ದರೆ ನಾನು ಇಷ್ಟು ವರ್ಷ ಹೊತ್ತುಕೊಂಡಿರುತ್ತಿರಲಿಲ್ಲವೋ ಏನೋ. ಅವಳು ಕೆಳಗೆ ಕೂತು ನನ್ನ ಉಡಿಯ ಅಕ್ಕಿಯಿಂದ ಕೆಂಪು ಪುಡಿಯನ್ನು ಒಂದೊಂದೇ ಕಾಳಾಗಿ ಆರಿಸತೊಡಗಿದಳು.

ನನಗೆ ಹದಿನಾರಾದಾಗ ಕಾರ್ಖಾನೆಯವರು ಕ್ವಾರ್ಟರ್ಸ್ ಕೊಟ್ಟರು. ಬಿಳಿ ಗೋಡೆಗಳ ಆ ಎರಡು ಕೋಣೆಯ ಮನೆಯಲ್ಲಿ ಅವ್ವ ಆರೇ ವರ್ಷ ಬದುಕಿದಳು. ನಾರಾಯಣಗೂಡಕ್ಕೆ ಮತ್ತೆ ಕಾಲಿಡಲಿಲ್ಲ. ಹಿತ್ತಲ ಕೋಣೆಗೆ ಅವರು ಹಳೇ ಸಾಮಾನು ತುಂಬಿದರು, ಗೋಡೆ ಹಾಗೇ ಉಳಿಯಿತು. ವರ್ಷಗಳ ಮೇಲೆ ದೊಡ್ಡವ್ವನ ಮಗ ಪ್ರಕಾಶ ಮನೆಯಲ್ಲಿನ ತನ್ನ ಪಾಲು ಮಾರಿ ಫ್ಲ್ಯಾಟಿಗೆ ಹೋಗುತ್ತೇನೆ ಎಂದಾಗ ನಾನೇ ಕೊಂಡೆ. ದೊಡ್ಡವ್ವ ಲಿಫ್ಟು ಹತ್ತುವುದಿಲ್ಲ ಎಂದು ಹಟ ಹಿಡಿದಳು. ಬದುಕಿರುವ ತನಕ ಹಾಲಿನಲ್ಲೇ ಇರಲಿ, ನೋಡಿಕೊಳ್ಳಲು ಹೆಣ್ಣಾಳು ಇಡೋಣ ಎಂದೆ. ಎಂಥ ದೊಡ್ಡ ಮನಸ್ಸು, ಎಂಥ ಸೆಂಟಿಮೆಂಟು ಎಂದು ಜನ ಕೊಂಡಾಡಿದರು. ನಾನು ಯಾರನ್ನೂ ತಿದ್ದಲಿಲ್ಲ.

ಹೀಗೆ ಈ ಬೇಸಿಗೆ ಹಾಲಿನ ಗೋಡೆಗಳೂ ಬೆತ್ತಲಾದವು. ಮರೆಪ್ಪ ಲೆಕ್ಕಾಚಾರ ಮುಂದಿಟ್ಟ.

"ಸಿಮೆಂಟ ಆದ್ರ ಹದಿನೈದ ದಿನ ಸಾಕ್ರಿ. ಆದ್ರ ಮತ್ತ ಇದ ಹಣೇಬಾರ. ಜಿಪ್ಸಮ್ ಆದ್ರ ವಾರದಾಗ ಮಲ್ಲಿಗಿ ಹೂವಿನಂಗ ಮಾಡಿ ಕೊಡ್ತೀನಿ. ಹಸಿ ಹೋಗದ ಗ್ವಾಡಿಗೆ ಹಚ್ಚಿದ್ರ ಮಳಿಗಾಲದಾಗ ಹಪ್ಪಳ ಎದ್ದಂಗ ಏಳ್ತೈತಿ, ಅದನ್ನೂ ಹೇಳಿರ್ತೀನಿ. ಸುಣ್ಣ ಅಂದ್ರ ಹೊಸ ಸೊಸಿ ಇದ್ದಂಗ್ರಿ, ಅವಸರ ಮಾಡಿದ್ರ ಬಿರಕ ಬಿಡ್ತಾಳ. ಒಂದ ಕೈ ಹಚ್ಚಿದ್ದು ಆರಿದ ಮ್ಯಾಲ ಇನ್ನೊಂದ ಕೈ. ಒಂದ ಕ್ವಾಣಿಗೆ ಎರಡ ಮೂರ ತಿಂಗಳ ಹಿಡೀರಿ."

ದೊಡ್ಡವ್ವ ಎಲ್ಲ ಕೇಳಿಸಿಕೊಂಡಳು. ಪ್ರಕಾಶನ ಮಗಳು ನಿಖಿತಾ ಹೆತ್ತಿದ್ದಳು. ಶ್ರಾವಣದ ಶುಕ್ರವಾರ ಕೂಸನ್ನು ಇದೇ ಹಾಲಿನಲ್ಲಿ ತೊಟ್ಟಿಲಿಗೆ ಹಾಕಬೇಕೆಂದು ಮುದುಕಿಯ ಆಸೆ. ಬಹುಶಃ ಅವಳಿಗೆ ಉಳಿದಿದ್ದ ಒಂದೇ ಆಸೆ.

"ಅದೇನ ವಾರದಾಗ ಆಗ್ತೈತಿ ಅಂದ್ನಲ್ಲ, ಅದನ್ನ ಹಚ್ಚಿಸವಾ ಕುಸ್ಮಿ. ಮಂದಿ ಬರ್ತಾರ."

"ಓಲ್ಡ್ ಬ್ರಿಕ್ಕಿಗೆ ಬ್ರೀದಿಂಗ್ ಬೇಕು ದೊಡ್ಡವ್ವ. ಸುಣ್ಣಾನ ಸರಿ," ಎಂದೆ.

ಪ್ರಕಾಶ ಫೋನಿನಲ್ಲಿ, "ಹೋಗಲಿ, ಸುಣ್ಣಾನ ಹಚ್ಚು ಅಕ್ಕಾ, ಹಾಲಿಂದ ಮೊದಲ ಶುರು ಮಾಡಿಸು, ಶ್ರಾವಣದ ಹೊತ್ತಿಗೆ ಒಂದು ಹದಕ್ಕೆ ಬರ್ತೈತಿ" ಎಂದ. ಸರಿಯಾದ ಮಾತು. ಮರೆಪ್ಪನೂ ಅದನ್ನೇ ಹೇಳಿದ. ಅಂಗಳದ ಗುಂಡಿಯಲ್ಲಿ ಸುಣ್ಣ ಅರಳಿ ಹಣ್ಣಾಗುವ ತನಕ ನಾನು ಉತ್ತರ ಕೊಡಲಿಲ್ಲ. ಬೆಲ್ಲದ ನೀರು ಹಾಕಿದ ದಿನ ಮನೆಯೆಲ್ಲ ಹುಳಿಸಿಹಿ ವಾಸನೆ. ಅವ್ವ ಬಾಣಂತಿ ಮನೆಯ ವಾಸನೆ ಎನ್ನುತ್ತಿದ್ದಳು. ಒಂದು ಚೂರು ನಾಲಿಗೆಗೆ ಮುಟ್ಟಿಸಿಕೊಂಡೆ. ನಾಲಿಗೆ ಸುಟ್ಟಿತು, ಹದ ಗೊತ್ತಾಗಲಿಲ್ಲ. ಮರುದಿನ ಮರೆಪ್ಪ ಕರಣಿ ಹಿಡಿದು ನಿಂತು ಕೇಳಿದ.

"ಯಾವ ಕ್ವಾಣಿ ಮೊದಲ್ರಿ, ಅಮ್ಮಾರ?"

"ಹಿಂದಿನದು."

"ಅದು ಗಟ್ಟಿ ಐತಲ್ರಿ, ಅದಕ್ಕೇನ ಅವಸರ?"

"ಹಿಂದಿನದು ಮೊದಲು," ಎಂದೆ.

ಶ್ರಾವಣ ಬಂತು. ಹಿತ್ತಲ ಕೋಣೆಗೆ ಎರಡು ಕೈ ಸುಣ್ಣ ಆಗಿತ್ತು. ಹಾಲಿನಲ್ಲಿ ಮೂರು ತಿಂಗಳಿನಿಂದ ದೊಡ್ಡವ್ವ ಬೆತ್ತಲೆ ಇಟ್ಟಿಗೆಯ ನಡುವೆ ಮಲಗಿ ಏಳುತ್ತಿದ್ದಳು. ಅವಳ ಬಿಳಿ ಸೆರಗಿನ ಅಂಚು ಕೆಂಪಾಗಿತ್ತು. ಬೆಳಿಗ್ಗೆ ಎದ್ದರೆ ಕೆಮ್ಮು. ಆಳು ದಿನಕ್ಕೆ ಎರಡು ಸಲ ಧೂಳು ಒರೆಸುತ್ತಿದ್ದಳು. ಒರೆಸಬೇಡ ಎಂದು ನಾನು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಕಾನ್ವೆಂಟು ನನ್ನಲ್ಲಿ ಇನ್ನೂ ಇದೆ. ಶುಕ್ರವಾರ ಮಂದಿ ಬರುತ್ತಾರೆ, ಇವಳನ್ನು ಈ ಗೋಡೆಗಳ ನಡುವೆ ನೋಡುತ್ತಾರೆ, ಬೆನ್ನು ಜಾಡಿಸಿಕೊಳ್ಳುತ್ತಾರೆ. ಅದನ್ನು ನೋಡಲಿಕ್ಕೆಂದೇ ನಾನು ರೇಷ್ಮೆ ಸೀರೆ ಉಟ್ಟೆ.

ಮೊದಲು ಬಂದವಳು ನಿಖಿತಾ. ಕೂಸನ್ನು ಎತ್ತಿಕೊಂಡು ಹೊಸಿಲಲ್ಲಿ ನಿಂತು ಕಣ್ಣರಳಿಸಿದಳು.

"ವಾವ್! ಎಕ್ಸ್‌ಪೋಸ್ಡ್ ಬ್ರಿಕ್! ಕುಸುಮಾ ಆಂಟಿ, ಸೋ ಬ್ಯೂಟಿಫುಲ್! ಜುಬಿಲಿ ಹಿಲ್ಸಿನ ಕೆಫೆ ಇದ್ದ ಹಾಗಿದೆ!"

ಅವಳ ಹಿಂದೆ ಬಂದ ಹುಡುಗ ಹುಡುಗಿಯರೆಲ್ಲ ಫೋನು ತೆಗೆದರು. ಇಟ್ಟಿಗೆಗೆ ಒರಗಿ ಒಬ್ಬರಾದ ಮೇಲೊಬ್ಬರು ಫೋಟೋ ಹಿಡಿಸಿಕೊಂಡರು. ಧೂಳು ಮೆತ್ತಿದರೆ ಅದನ್ನೂ ನಕ್ಕು ತೋರಿಸಿಕೊಂಡರು. ಚೆಂಡುಹೂವಿನ ಮಾಲೆ ಇಳಿಬಿಟ್ಟ ತೊಟ್ಟಿಲು, ಅದರ ಪಕ್ಕದ ಕುರ್ಚಿಯಲ್ಲಿ ದೊಡ್ಡವ್ವ, ಸುತ್ತ ಮೊಮ್ಮಕ್ಕಳು. ಪ್ಲಾಸ್ಟರ್ ಮಾಡಿಸಬೇಡಿ ಆಂಟಿ, ಪ್ಲೀಸ್ ಎಂದು ನನಗೇ ಗಂಟುಬಿದ್ದರು. ಏನು ನಡೆಯುತ್ತಿದೆ ಎಂದು ದೊಡ್ಡವ್ವನಿಗೆ ಯಾರೋ ತೆಲುಗಿನಲ್ಲಿ ವಿವರಿಸಿದರು. ಅವಳ ಮುಖ ನಿಧಾನಕ್ಕೆ ಅರಳಿತು.

"ನೋಡಿದೇನ ಕುಸ್ಮಿ?" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಇಟ್ಟಂಗಿ ಹಂಗ ಬಿಟ್ರ ಎಷ್ಟ ಚೆಂದ ಕಾಣ್ತೈತಿ ಅಂತ ಎಲ್ಲಾರೂ ಅನ್ನಾಕತ್ತಾರ. ನಿಮ್ಮವ್ವ ಸುಳ್ಳಽ ಎಂಟ ವರ್ಷ ಮಾರಿ ಗಂಟ ಹಾಕ್ಕೊಂಡ ತಿರಗ್ಯಾಡಿದ್ಲು."

ನಾನು ಕೈಯಲ್ಲಿದ್ದ ಪೇಡೆಯ ತಟ್ಟೆ ಕೆಳಗಿಟ್ಟೆ. ಆ ಮಕ್ಕಳಿಗೆ ನಮ್ಮ ಕನ್ನಡ ಅಷ್ಟಕ್ಕಷ್ಟೆ. ಇಂಗ್ಲಿಷಿನಲ್ಲಿ ಹೇಳಿದೆ. ಸಿಸ್ಟರ್ ಕಲಿಸಿದ ಒಳ್ಳೆಯ, ನಿಧಾನದ, ಪೂರ್ಣವಿರಾಮಗಳಿರುವ ಇಂಗ್ಲಿಷಿನಲ್ಲಿ. ಕಂಟ್ರಾಕ್ಟರನ ಮುಂದೆ ಅವ್ವ ಆಡಿದ ಒಂದು ಮಾತು, ಹೊಸಿಲಿಗೆ ನಿಂತ ಸಿಮೆಂಟು, ಪೋಸ್ಟ್ ಬಾಕ್ಸ್, ಹದಿಮೂರು ವರ್ಷದ ಹುಡುಗಿಯ ತಲೆಯ ಮೇಲೆ ಸುರಿದ ಪುಡಿ. ಎರಡು ಚೀಲದ ಮಾತನ್ನು ಹೇಳಲಿಲ್ಲ. ಫೋನುಗಳು ಒಂದೊಂದಾಗಿ ಕೆಳಗಿಳಿದವು. ನಿಖಿತಾ ಗೋಡೆಯಿಂದ ಸರಿದು ನಿಂತಳು. ಅಜ್ಜಿಯ ಮುಂದೆ ಬಗ್ಗಿ, ನಾನು ಹೇಳಿದ್ದನ್ನು ತೆಲುಗಿನಲ್ಲಿ ಚಿಕ್ಕದಾಗಿ ಹೇಳಿ, ಇದೆಲ್ಲ ನಿಜವೇ ಎಂದು ಕೇಳಿದಳು.

"ನಾನಮ್ಮಾ, ನಿಜಮೇನಾ?"

ದೊಡ್ಡವ್ವ ಈ ಸಲ ಕಿವುಡಾಗಲಿಲ್ಲ.

"ಖರೇ ಐತಿ," ಎಂದಳು ನನ್ನ ಕಡೆ ನೋಡುತ್ತ. "ಎಲ್ಲಾ ಮಾಡೀನಿ. ಅಕಿ ಒಂದ ಸಲ, ಒಂದಽ ಸಲ, 'ಅಕ್ಕಾರ, ಗ್ವಾಡಿ ಮಾಡಿಸಿ ಕೊಡ್ರಿ' ಅಂದಿದ್ರ ಮರುದಿನ ಮಾಡಸ್ತಿದ್ದೆ. ಬಾಯಿ ಬಿಡಲಿಲ್ಲ ಅಕಿ. ಆ ಸೊಕ್ಕ ನೋಡಿ ನನಗೂ ಸೊಕ್ಕ ಬಂತು." ಕೆಮ್ಮು ಬಂತು. ಮುಗಿಯುವ ತನಕ ಎಲ್ಲರೂ ಕಾದರು. "ನಾ ಅಕಿ ಹಂಗಲ್ಲ. ನಾ ಕೇಳ್ತೀನಿ. ಇವರಿಗೆ ಚೆಂದ ಕಾಣ್ಲಿ ಬಿಡ್ಲಿ, ನನಗ ಈ ಧೂಳ ತಡ್ಯಾಕ ಆಗವಲ್ದು. ನನ್ನ ಗ್ವಾಡಿ ಮಾಡಿಸಿ ಕೊಡವಾ ಕುಸುಮಾ."

ಅವಳು ನನ್ನ ಪೂರ್ತಿ ಹೆಸರು ಹಿಡಿದದ್ದು ಅದೇ ಮೊದಲು. ಹಾಲಿನ ತುಂಬ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೂಂ ಎಂದರೆ ಸಾಕಿತ್ತು, ಮರುದಿನವೇ ಮರೆಪ್ಪ ಕರಣಿಯನ್ನು ಈ ಕಡೆ ತರುತ್ತಿದ್ದ. ಅವಳ ಕಣ್ಣಲ್ಲಿ ನೀರಿತ್ತು. ಕೆಮ್ಮಿದ್ದಕ್ಕೋ ಬೇರೆ ಯಾತಕ್ಕೋ ಎಂದು ತಿಳಿದುಕೊಳ್ಳುವ ಆಸೆ ನನಗಿರಲಿಲ್ಲ.

"ಮಾಡಸ್ತೀನಿ ದೊಡ್ಡವ್ವ. ಹಿಂದಿನ ಕ್ವಾಣಿ ಮುಗೀಲಿ."

"ಅದು ಯಾವಾಗ ಮುಗೀತೈತಿ?"

"ಇನ್ನೊಂದ ಕೈ ಸುಣ್ಣ ಆಗಬೇಕು. ಅದು ಆರಬೇಕು. ಆಮ್ಯಾಲ ಕಲ್ಲಿಲೆ ತಿಕ್ಕಿ ಪಾಲಿಶ ಮಾಡಬೇಕು. ದಸರಾ ದಾಟ್ತೈತಿ."

ಅವಳು ಹಿತ್ತಲ ಕಡೆಗೆ ಕಣ್ಣು ಹೊರಳಿಸಿದಳು.

"ಆ ಕ್ವಾಣ್ಯಾಗ ಈಗ ಯಾರ ಇರ್ತಾರ?"

"ಯಾರೂ ಇಲ್ಲ," ಎಂದೆ.